ನೂರಾ ನಲವತ್ಮೂರು ವೈರು, ಒಂದು ಮೊಬೈಲು

ಹಳೇ ಚಾರ್ಜರನ್ನು ಕಸದ ಬುಟ್ಟಿಗೆ ಎಸೆದು ಕೈ ಕೊಡವಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಇವತ್ತು ಚಾರ್ಜರ್ ಎಸೆದವರು ನಾಳೆ ಏನನ್ನು ಎಸೆಯುತ್ತಾರೋ ಯಾರು ಬಲ್ಲರು? ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಯಾರ ಪಕ್ಷ ಎಂಬ ಅನುಮಾನ ಓದುವವರಿಗೆ ಬರಬಾರದು. ನಾನು ತುರ್ವಿಹಾಳದ ಮೈಲಾರಲಿಂಗಪ್ಪನ ಪಕ್ಷ. ಅವನ ಮೂರು ಎಕರೆ ಗದ್ದೆಯ ಪಕ್ಕದಲ್ಲೇ ನನ್ನದೂ ಒಂದೂವರೆ ಎಕರೆ ಇದೆ, ಕಾಲುವೆಯ ಕೊನೆ ಭಾಗದಲ್ಲಿ. ಕೊನೆ ಭಾಗ ಎಂದರೆ, ಮೇಲಿನವರೆಲ್ಲ ಗದ್ದೆ ತುಂಬಿಸಿಕೊಂಡು, ಎಮ್ಮೆ ತೊಳೆದು, ಟ್ರ್ಯಾಕ್ಟರ್ ತೊಳೆದು, ಆಮೇಲೂ ಮಿಕ್ಕಿದ್ದರೆ ನೀರು ಬರುವ ಜಾಗ.

ಮೈಲಾರಲಿಂಗಪ್ಪನ ಬಳಿ ಒಂದು ಯೂರಿಯಾ ಚೀಲವಿತ್ತು. ಅದರ ತುಂಬ ವೈರು. ದಪ್ಪ ಪಿನ್ನಿನ ಚಾರ್ಜರು, ಸಣ್ಣ ಪಿನ್ನಿನ ಚಾರ್ಜರು, ಚಪ್ಪಟೆ ಪಿನ್ನಿನ ಚಾರ್ಜರು, ಔಷಧ ಹೊಡೆಯುವ ಬ್ಯಾಟರಿ ಪಂಪಿನ ಚಾರ್ಜರು, ತೀರಿಹೋದ ಟೇಪ್ ರೆಕಾರ್ಡರಿನ ವೈರು, ಡಿಶ್ಶಿನ ಕರೀ ಕೇಬಲ್ಲು, ಮತ್ತು ಯಾವ ಯಂತ್ರದವೆಂದು ಅವನ್ನು ಮಾಡಿದವರೇ ಬಂದರೂ ಹೇಳಲಾಗದ ಹನ್ನೊಂದು ಅಡಾಪ್ಟರ್ ಡಬ್ಬಿಗಳು. ಊರಿನಲ್ಲಿ ಯಾರ ಮೊಬೈಲು ಸತ್ತರೂ ಅದರ ಚಾರ್ಜರು ಮೈಲಾರಲಿಂಗಪ್ಪನ ಮನೆ ಸೇರುತ್ತಿತ್ತು. ಮಹಾನವಮಿಗೆ ಆ ಮನೆಯಲ್ಲಿ ಕುಡುಗೋಲು, ಸಲಿಕೆ, ಕುಂಟೆಗಳ ಸಾಲಿನಲ್ಲಿ ಆ ಚೀಲಕ್ಕೂ ಭಂಡಾರದ ಅರಿಶಿನ ಹಚ್ಚಿ ಪೂಜೆ ಮಾಡುತ್ತಿದ್ದರು.

ಇದಕ್ಕೆ ಕಾರಣವಿತ್ತು. ನಮ್ಮ ಕಡೆ ಕೊನೆ ಭಾಗಕ್ಕೆ ನೀರು ಬಿಟ್ಟಾಗ ಕಾಲುವೆ ಕಾಯುವ ಗ್ಯಾಂಗ್‌ಮನ್ ಒಂದು ಫೋನು ಮಾಡುತ್ತಾನೆ. ಫೋನು ಬಂದ ಕೂಡಲೇ ಸಲಿಕೆ ಹೊತ್ತು ಓಡಿ ಗದ್ದೆಯ ಮಡಿಗೆ ನೀರು ಕಟ್ಟಿಕೊಳ್ಳಬೇಕು. ಏಳು ವರ್ಷದ ಹಿಂದೆ ದೀಪಾವಳಿ ಆದ ಮರುವಾರ ಆ ಫೋನು ಬರುವ ಹೊತ್ತಿಗೆ ಮೈಲಾರಲಿಂಗಪ್ಪನ ಮೊಬೈಲು ಸತ್ತು ಬಿದ್ದಿತ್ತು. ಅದರ ಚಾರ್ಜರು ಹಬ್ಬದ ಸ್ವಚ್ಛತೆಯಲ್ಲಿ ಎಲ್ಲೋ ಹೋಗಿತ್ತು. ಆ ಪಿನ್ನಿನದು ಊರಲ್ಲಿ ಮತ್ತೊಂದಿರಲಿಲ್ಲ. ಸಿಂಧನೂರಿಗೆ ಹೋಗಿ ಹೊಸದು ತರುವಷ್ಟರಲ್ಲಿ ನೀರು ನಾಲ್ಕು ತಾಸು ಹರಿದು ನಿಂತೇಹೋಗಿತ್ತು, ಸಸಿಮಡಿ ಒಣಗಿತು. ನನ್ನದೂ ಒಣಗಿತು, ನಾನು ಮಸ್ಕಿಯಲ್ಲಿ ಮದುವೆ ಊಟ ಮಾಡುತ್ತಿದ್ದೆ. ಆ ಚಾರ್ಜರನ್ನು ಯಾರು ಎಸೆದರೆಂದು ಮೈಲಾರಲಿಂಗಪ್ಪ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಅಂದಿನಿಂದ ಒಂದು ವೈರನ್ನೂ ಎಸೆಯಲಿಲ್ಲ, ಅಷ್ಟೆ.

ಈ ಚೀಲದ ಮೇಲೆ ಮೊನ್ನೆ ಮಾಘದ ಒಂದು ಶನಿವಾರ ಬೆಳಿಗ್ಗೆ ಅವನ ಹೆಂಡತಿ ಕರೆಮ್ಮ ಯುದ್ಧ ಸಾರಿದಳು.

"ರೀ, ನಾಳೆ ಹಟ್ಟಿಯಿಂದ ಪ್ರಿಯಾಂಕಾನ್ನ ನೋಡಾಕ ಬರ್ತಾರ. ಅಷ್ಟರಾಗ ಈ ಚೀಲ ಮನಿ ಬಿಟ್ಟಿರಬೇಕು."

"ಯಾಕ? ಚೀಲ ಏನ್ ಹುಡುಗನ್ನ ಕಚ್ತೈತೇನು?"

"ಹುಡುಗನ ಅಪ್ಪ ಗಣಿ ಕಂಪನ್ಯಾಗ ಇರಾವ್ರು. ಅವರ ಕ್ವಾರ್ಟರ್ಸ್‌ನ್ಯಾಗ ಒಂದ ಹಳಿ ಸಾಮಾನು ಇಲ್ಲಂತ. ಇಲ್ಲಿ ಬಂದು ಈ ಕಸ ನೋಡಿದ್ರ ಏನಂದಾರು?"

"ಕಸ ಅನಬ್ಯಾಡ."

"ಕಸಾ, ಕಸಾ, ಕಸಾ!"

ಬಿ.ಎ. ಓದಿದ ಪ್ರಿಯಾಂಕಾ ನಡುವೆ ಬಂದಳು. "ಅಪ್ಪಾ, ಸಿಂಧನೂರಾಗ ಇ-ವೇಸ್ಟ್ ತಗೋಳಾಕತ್ತಾರಂತ. ಒಂದು ಡಬ್ಬಿ ಇಟ್ಟಾರ, ಅದರಾಗ ಹಾಕಿ ಬಂದ್ರ ಮುಗೀತು."

"ವೇಸ್ಟ್ ಇದ್ದಾವ್ರು ಹಾಕ್ಲಿ," ಎಂದ ಮೈಲಾರಲಿಂಗಪ್ಪ.

ಕೊನೆಗೆ ಒಂದು ರಾಜಿಯಾಯಿತು. ಚೀಲವನ್ನು ಎರಡು ದಿನದ ಮಟ್ಟಿಗೆ ಕರೆಮ್ಮನ ತಮ್ಮ ಬೀರಲಿಂಗನ ಹೊಲದ ಶೆಡ್ಡಿನಲ್ಲಿ ಇಡುವುದು. ಆದರೆ ಊರ ನಡುವಿನ ದಾರಿಯಲ್ಲಿ ಹೊತ್ತುಕೊಂಡು ಹೋಗಕೂಡದು. ಅಲ್ಲಿ ಗುರುಲಿಂಗಮ್ಮ ಕಟ್ಟೆಯ ಮೇಲೆ ಕುಳಿತಿರುತ್ತಾಳೆ, ಅವಳು ಕಂಡದ್ದು ಅರ್ಧ ತಾಸಿನಲ್ಲಿ ಮಸ್ಕಿ ಮುಟ್ಟುತ್ತದೆ. ಆದ್ದರಿಂದ ಮೈಲಾರಲಿಂಗಪ್ಪ ಡಿಶ್ಶಿನ ಕರೀ ಕೇಬಲ್ಲಿನಿಂದ ಚೀಲದ ಬಾಯಿ ಬಿಗಿದು, ಹೆಗಲಿಗೆ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಕಾಲುವೆಯ ದಂಡೆ ಹಿಡಿದು ಹೊರಟ.

ಭೂಮಿಯ ಮೇಲೆ ಅವನು ಅಂದು ಹೋಗಬಾರದಿದ್ದ ದಾರಿ ಅದೊಂದೇ. ಮೇಲ್ಭಾಗದವರು ಕಾಲುವೆಗೆ ಕಳ್ಳ ಮೋಟರು ಇಳಿಸಿ ನೀರೆತ್ತುತ್ತಾರೆಂದು ದೂರು ಹೋಗಿ ಹೋಗಿ, ಆ ವಾರವಷ್ಟೇ ದಂಡೆಯ ಮೇಲೆ ಮೋಟರು, ಪೈಪು, ವೈರು ಒಯ್ಯಬಾರದೆಂದು ಆಜ್ಞೆ ಹೊರಟಿತ್ತು. ಆಜ್ಞೆ ಜಾರಿಗೆ ಬಂದು ನಾಲ್ಕು ದಿನವಾದರೂ ಒಬ್ಬನೂ ಸಿಕ್ಕಿರಲಿಲ್ಲ. ಹೊಸದಾಗಿ ಬಂದ ಗ್ಯಾಂಗ್‌ಮನ್ ನಾಸೀರ್ ಒಂದು ಜಾಲಿಮರದ ಕೆಳಗೆ ಬೈಕು ನಿಲ್ಲಿಸಿಕೊಂಡು, ಯಾರಾದರೂ ಸಿಗಲಿ ಎಂದು ಕಾಯುತ್ತಿದ್ದ.

"ನಿಂದರ್ರಿ ಕಾಕಾ. ಏನೈತಿ ಚೀಲದಾಗ?"

"ವೈರು."

"ಎಷ್ಟು?"

"ನೂರಾ ನಲವತ್ಮೂರು." ಲೆಕ್ಕ ಹೇಳುವಾಗ ಮೈಲಾರಲಿಂಗಪ್ಪನ ಎದೆ ಯಾವಾಗಲೂ ಒಂದಿಷ್ಟು ಉಬ್ಬುತ್ತಿತ್ತು.

ನಾಸೀರ್ ಬೈಕಿನಿಂದ ಇಳಿದ. "ಎಲ್ಲಾ ನಿಮ್ಮವೇನು?"

"ನನ್ನವಷ್ಟ ಅಲ್ಲಪಾ. ಊರ ಮಂದಿವೆಲ್ಲ ನನ್ನತ್ರನ ಅದಾವ."

"ಯಾತಕ್ಕ ಇವು?"

"ಬೇಕಾಗ್ತಾವ."

"ಯಾವಾಗ ಬೇಕಾಗ್ತಾವ?"

"ನೀರು ಬಿಟ್ಟಾಗ."

ಇಷ್ಟು ಸ್ವಚ್ಛವಾದ ತಪ್ಪೊಪ್ಪಿಗೆ ಆ ಕಾಲುವೆ ತೋಡಿದ ದಿನದಿಂದ ಯಾರ ಬಾಯಿಂದಲೂ ಬಂದಿರಲಿಲ್ಲ. ನಾಸೀರ್ ದನಿ ತಗ್ಗಿಸಿದ. "ಮೋಟರ್ ಎಲ್ಲಿ ಇಟ್ಟೀರಿ?"

"ಯಾವ ಮೋಟರ್? ಇವು ಮೊಬೈಲ್ ಚಾರ್ಜರ್ ಅದಾವಪಾ!"

"ನೂರಾ ನಲವತ್ಮೂರು ಚಾರ್ಜರ್. ಹೌದು. ನಿಮ್ಮತ್ರ ಮೊಬೈಲ್ ಎಷ್ಟದಾವ?"

"ಒಂದು."

"ಕಾಕಾ," ಎಂದ ನಾಸೀರ್ ಬೇಸರದಿಂದ, "ಸುಳ್ಳು ಹೇಳೋದಿದ್ರ ನೆಟ್ಟಗ ಒಂದು ಸುಳ್ಳು ಹೇಳ್ರಿ."

ಚೀಲ ಬಿಚ್ಚಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಜಪ್ತಿ ಮಾಡಿದ ಮಾಲನ್ನು ಮೇಲಿನವರ ಎದುರಿಗೇ ಬಿಚ್ಚಬೇಕೆಂದು ನಾಸೀರ್‌ಗೆ ಯಾರೋ ಹೇಳಿದ್ದರು. ಅವನು ಹೊಸಬ, ಹೇಳಿದ್ದನ್ನೆಲ್ಲ ಪಾಲಿಸುತ್ತಿದ್ದ. ಅವನು ಎಂಜಿನಿಯರಿಗೆ ಫೋನು ಹಚ್ಚಿ, "ಮೇಡಂ, ನೂರಾ ನಲವತ್ಮೂರು ಮೋಟರಿನ ವೈರು ಸಿಕ್ಕಾವ್ರಿ. ಮೋಟರ್ ಎಲ್ಲದಾವ ಅಂತ ಬಾಯಿ ಬಿಡವಲ್ಲ," ಎಂದ. ಕಾಲು ತಾಸಿನಲ್ಲಿ ಜೀಪು ಬಂತು. ಚೀಲ ಹಿಂದಿನ ಸೀಟಿನಲ್ಲಿ ಕುಳಿತಿತು, ಮೈಲಾರಲಿಂಗಪ್ಪ ಅದನ್ನು ತಬ್ಬಿ ಕುಳಿತ.

ಜೀಪು ನೀರಾವರಿ ಇಲಾಖೆಯ ಕ್ಯಾಂಪ್ ಆಫೀಸು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಗುರುಲಿಂಗಮ್ಮ ಕಟ್ಟೆಯಿಂದ ಎದ್ದು ನಿಂತು, "ಆ ಮನಶ್ಯಾ ಮೆತ್ತಗ ಮಾತಾಡಾದು ನೋಡಿ ನಂಗ ಮೊದಲ ಸಂಶಯ ಇತ್ತಬೇ!" ಎಂದು ಸಾರಿದಳು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೈಲಾರಲಿಂಗಪ್ಪ ನೆಲದಡಿ ಪೈಪು ಹಾಕಿ ಆಂಧ್ರದ ತನಕ ನೀರು ಮಾರುತ್ತಿದ್ದ. ಕೊನೆ ಭಾಗದ ನಾವು ಮೂವತ್ತು ಮಂದಿ ಒಂದು ಟ್ರ್ಯಾಕ್ಟರ್ ಹತ್ತಿ, ನಮ್ಮ ನೀರು ಕದ್ದವನ ಕೊರಳಪಟ್ಟಿ ಹಿಡಿಯಲು ಹೊರಟೆವು. ನಾನು ಅವನ ಪಕ್ಷ ಎಂದು ಮೊದಲೇ ಹೇಳಿದೆನಲ್ಲ, ಆ ಒಂದು ತಾಸು ಬಿಟ್ಟು.

ನಾವು ಹೋಗುವಷ್ಟರಲ್ಲಿ ಅಲ್ಲಿ ಕರಿಬಸಪ್ಪ ಸಾಹುಕಾರರು ಬಂದಿದ್ದರು. ಮೇಲ್ಭಾಗದಲ್ಲಿ ಮೂವತ್ತು ಎಕರೆ ಗದ್ದೆ, ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಮೈಲಾರಲಿಂಗಪ್ಪ ಇಪ್ಪತ್ತು ವರ್ಷ ನಮಸ್ಕಾರ ಮಾಡಿದರೂ ಒಮ್ಮೆಯೂ ತಿರುಗಿ ಮಾಡದ ಆ ಮನುಷ್ಯ, ಇವತ್ತು ಬಿಸಿ ಮಿರ್ಚಿಯ ಪೊಟ್ಟಣ ಹಿಡಿದು, ಎರಡೂ ಕೈ ಜೋಡಿಸಿ ನಿಂತಿದ್ದರು.

"ಮೈಲಾರಲಿಂಗಪ್ಪಣ್ಣಾರ, ನಮ್ಮವು ಮೂರು ಮೋಟರ್ ಅದಾವಂತ ನಾವು ಮೀಸಿ ತಿರುವ್ತಿದ್ವಿ. ನೀವು ನೂರಾ ನಲವತ್ಮೂರು ಇಟ್ಕೊಂಡು ಹರಕ ಚಪ್ಪಲಿ ಮ್ಯಾಲ ತಿರುಗ್ಯಾಡ್ತೀರಿ! ದೊಡ್ಡ ಮಂದಿ ಅಂದ್ರ ಹಿಂಗಿರ್ತಾರ. ಮಿರ್ಚಿ ತಿನ್ರಿ. ನಮ್ಮ ಮೇಲ್ಭಾಗದವರ ಸಂಘಕ್ಕ ನೀವ ಅಧ್ಯಕ್ಷರಾಗಬೇಕು."

"ಸಾಹುಕಾರ್ರ, ನನ್ನತ್ರ ಒಂದು ಮೋಟರೂ ಇಲ್ರಿ."

"ನೋಡ್ರಿ, ಎಷ್ಟ ಸಲೀಸ ಹೇಳ್ತಾರ!" ಎಂದು ಕರಿಬಸಪ್ಪನವರು ಮೆಚ್ಚುಗೆಯಿಂದ ಸುತ್ತ ನೋಡಿದರು. ಅವರ ಹಿಂದೆಯೇ ಎಂಜಿನಿಯರ್ ಮೆಹನಾಜ್ ಮೇಡಂ ನಿಂತು ಎಲ್ಲವನ್ನೂ ಕೇಳುತ್ತಿದ್ದುದು ಅವರಿಗೆ ಕಾಣಲಿಲ್ಲ.

ಮೇಡಂ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಚೀಲವನ್ನು ಆಫೀಸಿನ ಅಂಗಳದಲ್ಲಿ, ಎಲ್ಲರ ಎದುರಿಗೆ ಬಿಚ್ಚಿಸಿದರು. ನಾಸೀರ್ ತಳ ಹಿಡಿದು ಎತ್ತಿ ಸುರುವಿದ. ನೂರಾ ನಲವತ್ಮೂರು ವೈರು ಒಂದಕ್ಕೊಂದು ತೆಕ್ಕೆ ಬಿದ್ದುಕೊಂಡು ನೆಲಕ್ಕೆ ಇಳಿದವು. ಆಮೇಲೆ ಕರಿಬಸಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಸ! ಕಸ ಹೊತ್ಕೊಂಡ ಬಂದಾನಲೇ ಇವ!" ಎಂದು ಮಿರ್ಚಿಯ ಪೊಟ್ಟಣವನ್ನು ಮೈಲಾರಲಿಂಗಪ್ಪನ ಕೈಯಿಂದ ವಾಪಸ್ ತೆಗೆದುಕೊಂಡರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಜಪ್ತಿಯಾದ ಮಾಲಿಗೆ ಪಂಚನಾಮೆ ಆಗಬೇಕು, ಪಂಚನಾಮೆಗೆ ಅಚ್ಚು ಹಾಕಿಸಿದ ಕಾಗದವಿದೆ, ಆ ಕಾಗದದಲ್ಲಿ ಎರಡೇ ಕಾಲಮ್ಮು.

"ನೋಡ್ರಿ ಯಜಮಾನ್ರ," ಎಂದರು ಮೇಡಂ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಮೊದಲನೇದು, ವಿದ್ಯುತ್ ಸಾಮಗ್ರಿ. ಹಂಗ ಬರದ್ರ ಕೇಸ್ ಆಗ್ತೈತಿ, ನಿಮ್ಮನ್ನ ಸಿಂಧನೂರಿಗೆ ಕಳಸಬೇಕು, ಬಿಡೋದು ಸೋಮವಾರ. ಎರಡನೇದು, ನಿರುಪಯುಕ್ತ ಕಸ. ಅದರಾಗ ಸಹಿ ಮಾಡ್ರಿ. ಮಾಲು ನಾವು ವಿಲೇವಾರಿ ಮಾಡ್ತೀವಿ, ನೀವು ಈಗಿಂದೀಗ ಮನಿಗೆ ಹೋಗ್ರಿ."

ಮೈಲಾರಲಿಂಗಪ್ಪ ಪೆನ್ನು ತೆಗೆದುಕೊಂಡ. ಕಾಗದವನ್ನು ಓದಿದ. ಪೆನ್ನು ವಾಪಸ್ ಕೊಟ್ಟ.

"ಕಸ ಅಂತ ನಾ ಸಹಿ ಮಾಡಂಗಿಲ್ರಿ."

"ಹಂಗಾರ ವಿದ್ಯುತ್ ಸಾಮಗ್ರಿ ಅಂತ ಬರೀಲೇನು?"

"ಅದೂ ಅಲ್ರಿ. ಅದು ಕಳ್ಳರ ಕಾಲಮ್ಮು."

"ಮತ್ತೇನಂತ ಬರೀಬೇಕ್ರಿ?"

"ಸಾಮಾನು ಅಂತ ಬರೀರಿ."

"ಸಾಮಾನು ಅಂತ ಕಾಲಮ್ ಇಲ್ರಿ!"

"ಇಲ್ಲಂದ್ರ ನಾನೂ ಇಲ್ಲಿಂದ ಏಳಂಗಿಲ್ರಿ," ಎಂದು ಅವನು ವೈರಿನ ರಾಶಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ.

ಈಗ ಒಂದು ವಿಚಿತ್ರ ನಡೆಯಿತು. ಕೊನೆ ಭಾಗದ ನಾವು ಆ ಅಂಗಳದಲ್ಲಿ ನೀರಿಗಾಗಿ ಎಷ್ಟು ಸಲ ಧರಣಿ ಕೂತಿದ್ದೇವೆಂದರೆ, ಅಲ್ಲಿ ಒಬ್ಬ ಕುಳಿತದ್ದನ್ನು ಕಂಡರೆ ನಮ್ಮ ಮೊಣಕಾಲು ತಾವಾಗಿ ಮಡಚಿಕೊಳ್ಳುತ್ತವೆ. ಮೊದಲು ಒಬ್ಬ ಕುಳಿತ, ಆಮೇಲೆ ನಾನು ಕುಳಿತೆ, ಆಮೇಲೆ ಮೂವತ್ತೂ ಮಂದಿ. ಕೊರಳಪಟ್ಟಿ ಹಿಡಿಯಲು ಬಂದವರು ಅವನ ಹಿಂದೆ ಸಾಲು ಹಿಡಿದೆವು. ಯಾರೋ ರೂಢಿಯ ಮೇಲೆ "ಕೊನೆ ಭಾಗಕ್ಕ ನೀರು ಬಿಡ್ರಿ!" ಎಂದು ಕೂಗಿದ, ಉಳಿದವರು "ಬಿಡ್ರಿ! ಬಿಡ್ರಿ!" ಎಂದೆವು.

"ನೀವೆಲ್ಲ ಯಾಕ ಕುಂತ್ರಿ?" ಎಂದರು ಮೇಡಂ ಗಾಬರಿಯಿಂದ.

"ಅವ ಕುಂತಾನಲ್ರಿ," ಎಂದೆ ನಾನು. ಆ ಹೊತ್ತಿಗೆ ನನಗೆ ಗೊತ್ತಿದ್ದ ಕಾರಣ ಅಷ್ಟೇ.

ಎರಡು ತಾಸು ಕಳೆಯಿತು. ಮೇಡಂ ಮೂರು ಸಲ ಮೇಲಿನವರಿಗೆ ಫೋನು ಮಾಡಿದರು. ಮೇಲಿನವರು ಮೂರು ಸಲವೂ, ಕಾಲಮ್ಮು ಎರಡೇ ಎಂದು ಹೇಳಿದರು. ಕರಿಬಸಪ್ಪನವರು ಇಂಥ ತಮಾಷೆ ಬಿಟ್ಟು ಹೋಗಲಾರದೆ ಕುರ್ಚಿ ತರಿಸಿಕೊಂಡು ಮಿರ್ಚಿ ತಿನ್ನುತ್ತ ಕುಳಿತಿದ್ದರು. ಆಗ ಒಂದು ಆಟೋ ಬಂತು. ಕರೆಮ್ಮ ರೊಟ್ಟಿ ಗಂಟು ಹಿಡಿದು ಇಳಿದಳು, ಹಿಂದೆ ಪ್ರಿಯಾಂಕಾ.

ಮೇಡಂ ಮುಖದಲ್ಲಿ ಜೀವ ಬಂತು. ಇಡೀ ತಾಲೂಕಿನಲ್ಲಿ ಆ ಚೀಲವನ್ನು ಹೊರಹಾಕಲು ತುದಿಗಾಲಲ್ಲಿ ನಿಂತಿದ್ದವಳು ಕರೆಮ್ಮ ಒಬ್ಬಳೇ ಎಂದು ಅಷ್ಟರಲ್ಲಿ ಅಲ್ಲಿದ್ದವರಿಗೆಲ್ಲ ಗೊತ್ತಾಗಿತ್ತು.

"ಬರ್ರಿ ಅಮ್ಮಾ. ನಾಳೆ ನಿಮ್ಮನಿಗೆ ಬೀಗರು ಬರ್ತಾರಂತ. ಇವರು ಸಹಿ ಮಾಡಲಿಲ್ಲಂದ್ರ ಸೋಮವಾರದ ತನಕ ಮನಿಗೆ ಬರಂಗಿಲ್ಲ. ನೀವರ ಹೇಳ್ರಿ, ಇದು ಕಸ ಹೌದಲ್ಲೋ? ಮನಿಯವ್ರು ನೀವು ಹೌದಂದ್ರ ಸಾಕು, ನಿಮ್ಮ ಹೆಬ್ಬಟ್ಟಿನ ಮ್ಯಾಲ ಬಿಟ್ಟುಬಿಡ್ತೀನಿ."

ಮೈಲಾರಲಿಂಗಪ್ಪ ತಲೆ ತಗ್ಗಿಸಿದ. ಏಳು ವರ್ಷ ದಿನಕ್ಕೆ ಎರಡು ಸಲ ಕೇಳಿದ ಉತ್ತರ ಅವನಿಗೆ ಬಾಯಿಪಾಠವಾಗಿತ್ತು.

ಕರೆಮ್ಮ ರೊಟ್ಟಿ ಗಂಟನ್ನು ಮಗಳ ಕೈಗೆ ಕೊಟ್ಟಳು.

"ಹೌದ್ರಿ ಮೇಡಂ, ನಾ ದಿನಾ ಕಸ ಅಂತೀನಿ. ಅದು ನಮ್ಮ ಮನಿ ಮಾತು. ಗಂಡಗ ನಾ ಅಂತೀನಿ, ನಂಗ ಅವ್ರು ಅಂತಾರ. ನಮ್ಮ ಮನಿ ಮಾತು ನಿಮ್ಮ ಕಾಗದದಾಗ ಯಾಕ ಬರೀತೀರಿ?"

ಕರಿಬಸಪ್ಪನವರು ಕಿಸಕ್ಕನೆ ನಕ್ಕರು. ಅದು ಅವರು ಮಾಡಿದ ತಪ್ಪು.

"ನಗಬ್ಯಾಡ್ರಿ ಸಾಹುಕಾರ್ರ. ನಿಮ್ಮ ಗದ್ದಿಗೆ ನೀರು ಕೇಳ್ದ ಬರ್ತೈತಿ. ನಮಗ ಫೋನ್ ಬಂದ್ರ ನೀರು. ಏಳ ವರ್ಷದ ಹಿಂದ ಒಂದು ಸಣ್ಣ ಪಿನ್ನಿನ ವೈರು ದೀಪಾವಳಿ ಕಸದಾಗ ಹೋತು. ಒಗದಾಕಿ ನಾನ." ಅವಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಮುಂದಿನ ವಾರ ನೀರು ಬಂದು ನಾಕ ತಾಸು ಹರದು ಹೋತು. ನಮ್ಮ ಫೋನ್ ಸತ್ತು ಬಿದ್ದಿತ್ತು. ಸಸಿಮಡಿ ಹೋತು. ಈ ಮನಶ್ಯಾ ಇವತ್ತಿನ ತನಕ ಯಾರು ಒಗದ್ರು ಅಂತ ಒಂದ ಮಾತು ಕೇಳಿಲ್ರಿ. ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲ. ಅದಕ್ಕ ಮಹಾನವಮಿಗೆ ಈ ಚೀಲಕ್ಕ ನನ್ನ ಕೈಲೆ ಭಂಡಾರ ಹಚ್ತೀನಿ. ನೋಡ್ರಿ, ಇನ್ನೂ ಹಳದಿ ಐತಿ. ಕಸಕ್ಕ ಯಾರರ ಭಂಡಾರ ಹಚ್ತಾರೇನ್ರಿ? ನಾಳೆ ಬೀಗರು ಬಂದ್ರ ಬರ್ಲಿ, ಹೋದ್ರ ಹೋಗ್ಲಿ. ಕಸ ಅಂತ ಬರಕೊಡಂಗಿಲ್ಲ."

ಇಷ್ಟು ಹೇಳಿ ಅವಳೂ ಗಂಡನ ಪಕ್ಕದಲ್ಲಿ ಕುಳಿತಳು.

"ನಂಗ ಗೊತ್ತಿತ್ತಲ್ಲ," ಎಂದ ಮೈಲಾರಲಿಂಗಪ್ಪ ಮೆಲ್ಲಗೆ.

"ಗೊತ್ತಿದ್ರ ಹೇಳಬಾರದೇನು? ಏಳ ವರ್ಷ!" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೆಹನಾಜ್ ಮೇಡಂ ಬಾಗಿ ಆ ಹಳದಿ ಹತ್ತಿದ ಚೀಲವನ್ನು ಮುಟ್ಟಿ ನೋಡಿದರು. "ನೀರು ಬಿಟ್ಟಾಗ ಬೇಕಾಗ್ತಾವ ಅಂದಿದ್ದು ಇದಕ್ಕೇನ್ರಿ?" ಎಂದು ಕೇಳಿದರು. ಆಮೇಲೆ ನಾಸೀರ್‌ನಿಂದ ಸ್ಕೇಲು ತರಿಸಿ, ಅಚ್ಚಾದ ಕಾಗದದ ಮೇಲೆ ಮೂರನೆಯದೊಂದು ಗೆರೆ ಎಳೆದು, ತಲೆಯ ಮೇಲೆ "ಸಾಮಾನು" ಎಂದು ಬರೆದು, ಕೆಳಗೆ ತಾವೇ ಸಹಿ ಮಾಡಿದರು. ಕೊನೆ ಭಾಗದ ನಾವು ಇಷ್ಟು ವರ್ಷ ಧರಣಿ ಕೂತು ಗೆದ್ದದ್ದು ಅದೊಂದು ಗೆರೆ, ಅದಕ್ಕೆ ನಾವು ಹಾಕಿದ ಜೈಕಾರ ಮಸ್ಕಿಗೆ ಕೇಳಿಸಿರಬೇಕು.

"ಇನ್ನ ಮೊದಲನೇ ಕಾಲಮ್ ಖಾಲಿ ಉಳೀತು," ಎಂದು ಮೇಡಂ ಕುರ್ಚಿಯ ಕಡೆ ತಿರುಗಿದರು. "ಸಾಹುಕಾರ್ರ, ಆವಾಗ ಅದೇನೋ ಮೂರು ಮೋಟರ್ ಅಂತಿದ್ರಲ್ರಿ. ಕುಂದರ್ರಿ, ಎಲ್ಲಿಗೆ ಹೊಂಟ್ರಿ?"

ಮೈಲಾರಲಿಂಗಪ್ಪ ಮಾತ್ರ ಏಳಲಿಲ್ಲ. ಕೊಟ್ಟ ಮಾಲನ್ನು ಎಣಿಸಿಯೇ ಒಯ್ಯುವವನು ಅವನು. ಎಣಿಸಿದ. ನೂರಾ ನಲವತ್ತೆರಡು. ಮತ್ತೆ ಎಣಿಸಿದ. ನೂರಾ ನಲವತ್ತೆರಡು. ಅಂಗಳದಲ್ಲಿ ಮತ್ತೆ ಧರಣಿಯ ವಾಸನೆ ಬರುವಷ್ಟರಲ್ಲಿ ನಾಸೀರ್ ತಲೆ ಕೆರೆದುಕೊಂಡ. ಆಫೀಸಿನ ಗೋಡೆಯ ಸ್ವಿಚ್ಚಿನಲ್ಲಿ ಒಂದು ಕರೀ ಚಾರ್ಜರು, ಅದರ ತುದಿಗೆ ಅವನ ಮೊಬೈಲು.

"ನಂದು ಸತ್ತಿತ್ತು ಕಾಕಾ. ಆ ಪಿನ್ನಿಂದು ನಮ್ಮ ಆಫೀಸಿನ್ಯಾಗ ಯಾರತ್ರನೂ ಇದ್ದಿದ್ದಿಲ್ಲ."

"ಇಟ್ಕೋಪಾ," ಎಂದ ಮೈಲಾರಲಿಂಗಪ್ಪ. "ನೀರು ಬಿಟ್ಟಾಗ ನಂಗ ಫೋನ್ ಮಾಡಬೇಕಲ್ಲ, ಬೇಕಾಗ್ತೈತಿ."

ಮರುದಿನ ಭಾನುವಾರ ಹಟ್ಟಿಯ ಬೀಗರು ಬಂದಾಗ ಚೀಲ ಪಡಸಾಲೆಯ ನಡುವೆಯೇ ಇತ್ತು. ಅದನ್ನು ಒಳಗಿಡಲು ಕರೆಮ್ಮ ಬಿಡಲಿಲ್ಲ, ನೋಡುವವರು ನೋಡಲಿ ಎಂದಳು. ಹುಡುಗ ಪ್ರಿಯಾಂಕಾಳನ್ನು ಒಪ್ಪಿದ, ಪ್ರಿಯಾಂಕಾ ನಾಲ್ಕು ಪ್ರಶ್ನೆ ಕೇಳಿ ಆಮೇಲೆ ಒಪ್ಪಿದಳು. ಲಿಂಗಸುಗೂರಿನಿಂದ ತಂದ ಪೇಢೆ ಎಲ್ಲರ ಬಾಯಿಗೂ ಬಿತ್ತು. ಆಗ ಹುಡುಗನ ಅಪ್ಪ ಆಂಜನೇಯಪ್ಪ ಗಂಟಲು ಸರಿ ಮಾಡಿಕೊಂಡರು.

"ಬೀಗರ, ನಂದೊಂದ ಕೇಳಿಕಿ ಐತಿ."

ಕರೆಮ್ಮ ಗಂಡನ ಮುಖ ನೋಡಿದಳು. ಆಂಜನೇಯಪ್ಪ ತಾವು ಬಂದ ಜೀಪಿನಿಂದ ಟವೆಲಿನಲ್ಲಿ ಬಿಗಿದ ಒಂದು ಭಾರದ ಗಂಟನ್ನು ತಂದು ಮುಂದೆ ಇಟ್ಟರು. ಹಟ್ಟಿ ಎಂದರೆ ಚಿನ್ನದ ಗಣಿ. ಬಾಗಿಲಲ್ಲಿ ನಿಂತಿದ್ದ ಗುರುಲಿಂಗಮ್ಮನ ಕಣ್ಣು ಆ ಗಂಟಿನಿಂದ ಕದಲಲಿಲ್ಲ.

"ಕಂಪನಿ ಕ್ವಾರ್ಟರ್ಸ್‌ನ್ಯಾಗ ಎರಡ ಖೋಲಿ ರೀ. ನಮ್ಮಾಕಿ ಇವನ್ನ ಒಗಿ ಒಗಿ ಅಂತಾಳ. ಶಿಫ್ಟಿಗೆ ಹೋಗುವಾಗ ಟಿಫಿನ್ ಡಬ್ಬಿ ಚೀಲದಾಗ ಮುಚ್ಚಿಟ್ಕೊಂಡು ಹೋಗಿ ಬಂದೀನಿ. ನಿನ್ನಿ ನಿಮ್ಮ ಸುದ್ದಿ ಕೇಳಿ ಧೈರ್ಯ ಬಂತು." ಅವರು ಟವೆಲು ಬಿಚ್ಚಿದರು. ಮೂವತ್ತೆಂಟು ಚಾರ್ಜರು. "ಇವನ್ನ ನಿಮ್ಮನ್ಯಾಗ ಇಟ್ಕೊಂಡ್ರ ನಂಗ ಬ್ಯಾರೆ ಏನೂ ಬ್ಯಾಡ."

ಮೈಲಾರಲಿಂಗಪ್ಪ ಬೀಗರನ್ನು ಅಪ್ಪಿಕೊಂಡ. ಆಮೇಲೆ ಸಂಭ್ರಮದಿಂದ ಚೀಲದ ಬಾಯಿ ಬಿಚ್ಚಿ, ಮೂವತ್ತೆಂಟನ್ನೂ ಅದಕ್ಕೆ ಸುರಿಯಲು ಗಂಟು ಎತ್ತಿದ. ಕರೆಮ್ಮ ಅವನ ಕೈ ಹಿಡಿದು, ಅಡುಗೆಮನೆಯ ಬಾಗಿಲ ಮರೆಗೆ ಎಳೆದುಕೊಂಡು ಹೋಗಿ, ಒಂದು ಖಾಲಿ ಗೊಬ್ಬರದ ಚೀಲ ಕೊಟ್ಟಳು.

"ಎರಡೂ ಕೂಡಸಬ್ಯಾಡ್ರಿ," ಎಂದಳು ಪಿಸುದನಿಯಲ್ಲಿ. "ನಮ್ಮದು ಸಾಮಾನು. ಅವರದು ಕಸ."